ಸಿಸಿಪಿಎಸ್ ಕೊಡುವ ಮುಂಚೆ ನಮ್ಮ ಪಾಲಿನ ಲೆಕ್ಕ ಹಾಕಿದ್ದು ಹೀಗೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ನಾನು, ಜೊತೆಗೆ ಬೆಳಗಾವಿಯ ಇಬ್ಬರು ಗೆಳೆಯರು. ದುಡ್ಡು ಹಾಕಲು ಬಂದವರು ಮಾಮೂಲಿ ಶೇರು ಕೇಳಲಿಲ್ಲ, ಸಿಸಿಪಿಎಸ್ ಕೇಳಿದರು. ಅಂದರೆ ಮುಂದೆ ಕಡ್ಡಾಯವಾಗಿ ಈಕ್ವಿಟಿಯಾಗಿ ಬದಲಾಗಲೇಬೇಕಾದ ಪ್ರಿಫರೆನ್ಸ್ ಶೇರು. ಟರ್ಮ್ ಶೀಟ್, ಅಂದರೆ ಅವರ ಷರತ್ತುಗಳ ಪಟ್ಟಿ ಬಂದ ಕೂಡಲೇ ನಾನು ಎಕ್ಸೆಲ್ ತೆರೆದು, ಅವೆಲ್ಲ ಇವತ್ತೇ ಬದಲಾದವು ಅಂತ ಇಟ್ಟುಕೊಂಡು ಲೆಕ್ಕಕ್ಕೆ ಕೂತೆ.

ದುಂಡು ಅಂಕಿಗಳಲ್ಲಿ ಹೇಳುತ್ತೇನೆ. ನಮ್ಮ ಹತ್ತಿರ 1,00,000 ಈಕ್ವಿಟಿ ಶೇರು. ಅವರು 2 ಕೋಟಿ ಕೊಟ್ಟು, ತಲಾ 1,000 ರೂಪಾಯಿಯಂತೆ 20,000 ಸಿಸಿಪಿಎಸ್ ತೆಗೆದುಕೊಳ್ಳುತ್ತಾರೆ, ಒಂದು ಸಿಸಿಪಿಎಸ್‌ಗೆ ಒಂದು ಈಕ್ವಿಟಿ ಶೇರು. ಬದಲಾದ ಮೇಲೆ ಅವರದು ಶೇ. 16.67, ನಮ್ಮದು ಶೇ. 83.33. ಇಷ್ಟು ಎಲ್ಲರಿಗೂ ಕಾಣುತ್ತದೆ.

ಕಾಣದೇ ಇರುವುದು ಆ್ಯಂಟಿ ಡೈಲ್ಯೂಶನ್ ಕಲಂ, ಅಂದರೆ ಮುಂದೆ ಕಡಿಮೆ ಬೆಲೆಗೆ ಶೇರು ಕೊಟ್ಟರೆ ದುಡ್ಡು ಹಾಕಿದವರ ಪಾಲು ಕರಗದಂತೆ ಕಾಯುವ ಷರತ್ತು. ನಮ್ಮದರಲ್ಲಿ ಫುಲ್ ರ್‍ಯಾಚೆಟ್ ಅಂತ ಇತ್ತು. ನಾಳೆ ನಾವು ಕಡಿಮೆ ಬೆಲೆಗೆ ಒಂದೇ ಒಂದು ಶೇರು ಕೊಟ್ಟರೂ ಅವರ ಸಿಸಿಪಿಎಸ್ ಈಕ್ವಿಟಿಯಾಗಿ ಬದಲಾಗುವ ಬೆಲೆ ಅಲ್ಲಿಗೇ ಇಳಿಯುತ್ತದೆ. ವ್ಯಾಪಾರ ಬಿದ್ದು, ತಲಾ 500ರಂತೆ 50 ಲಕ್ಷ ಎತ್ತಬೇಕಾಯಿತು ಅನ್ನಿ. ಹೊಸಬರಿಗೆ 10,000 ಶೇರು. ಹಳೆಯವರ 20,000 ಈಗ 40,000. ಒಟ್ಟು 1,50,000ದಲ್ಲಿ ನಮ್ಮದು ಶೇ. 66.67ಕ್ಕೆ ಬರುತ್ತದೆ. ಕಲಂ ಇಲ್ಲದಿದ್ದರೆ ಶೇ. 76.92 ಉಳಿಯುತ್ತಿತ್ತು.

'ರೇಟ್ ಇಳದ್ರ ಅಲ್ಲೇನಪಾ ಇದೆಲ್ಲಾ?' ಅಂದ ಒಬ್ಬ ಗೆಳೆಯ. ನಿಜ, ಆದರೆ ಬೆಲೆ ಇಳಿಯುವುದು ನಾವು ಸೋತು ಕೂತಾಗಲೇ ಅಲ್ವಾ? ಸ್ಪೆಷಲ್ ರೆಸಲ್ಯೂಶನ್, ಅಂದರೆ ಶೇರುದಾರರ ವಿಶೇಷ ನಿರ್ಣಯ ಪಾಸಾಗಲು ವಿರೋಧದ ಮೂರು ಪಟ್ಟು ವೋಟು ಬೇಕು, ಅಂದರೆ ಬಿದ್ದ ವೋಟಿನಲ್ಲಿ ಮುಕ್ಕಾಲು ಪಾಲು. ಶೇ. 66.67 ಇಟ್ಟುಕೊಂಡು, ಉಳಿದವರು ಒಪ್ಪದಿದ್ದರೆ, ನಮ್ಮದೇ ಕಂಪನಿಯ ಆರ್ಟಿಕಲ್ಸ್ (ಒಳಗಿನ ನಿಯಮಾವಳಿ) ಕೂಡ ನಾವು ಬದಲಿಸಲಾಗದು, ಅದಕ್ಕೆ ಈ ನಿರ್ಣಯವೇ ಬೇಕು. ನನಗೆ ಶೇಕಡಾವಾರಿಗಿಂತ ಈ ಗೆರೆ ಮುಖ್ಯವಾಗಿತ್ತು.

ಅದಕ್ಕೆ ವೆಯ್ಟೆಡ್ ಆವರೇಜ್ ಕೇಳಿದೆವು. ಅದರಲ್ಲಿ ಕಡಿಮೆ ಬೆಲೆಗೆ ಎಷ್ಟು ಶೇರು ಹೋಯಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮೇಲಿನದೇ ಅಂಕಿ ಹಾಕಿ: 1,000 ಗುಣಿಸು 1,25,000 (ಇರುವ 1,20,000, ಜೊತೆಗೆ ಹಳೆ ಬೆಲೆಯಲ್ಲಿ 50 ಲಕ್ಷಕ್ಕೆ ಸಿಗುತ್ತಿದ್ದ 5,000), ಭಾಗಿಸು 1,30,000 (ಇರುವ 1,20,000, ಜೊತೆಗೆ ನಿಜವಾಗಿ ಕೊಟ್ಟ 10,000). ಬೆಲೆ 961.54 ಆಗುತ್ತದೆ, ಅವರಿಗೆ 20,800 ಶೇರು, ನಮಗೆ ಶೇ. 76.45. ಮುಕ್ಕಾಲಿನ ಮೇಲೇ ಉಳಿದೆವು. ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ತೋರಿಸಿದಾಗ ಅವರ ವಕೀಲರ ಜೊತೆ ಮಾತು ಸಲೀಸಾಯಿತು, ಸುಮ್ನೆ ಬೇಡ ಅಂದಿದ್ದರೆ ಆಗುತ್ತಿರಲಿಲ್ಲ. ಒಪ್ಪಿದರು, ಬದಲಿಗೆ ಬೋರ್ಡಿನಲ್ಲಿ ಒಂದು ಸೀಟು ಪಡೆದರು.

ನೌಕರರಿಗೆ ಕೊಡುವ ಇಸಾಪ್ ಶೇರುಗಳಿಂದ ಈ ಕಲಂ ಜಾರಿಯಾಗಬಾರದು ಅಂತಲೂ ಬರೆಸಿದೆವು. ಇದನ್ನು ತುಂಬಾ ಜನ ಬಿಡುತ್ತಾರೆ. ಅಂಕಿ ಹಾಕಿದ ಉದಾಹರಣೆಯನ್ನೇ ಒಪ್ಪಂದಕ್ಕೆ ಅನುಬಂಧವಾಗಿ ಸೇರಿಸಿ, ಮೂವರೂ ಸಹಿ ಹಾಕಿದೆವು.