ಅಕ್ಕಿ ಡಬ್ಬದ ಚೀಟಿ: ಬಾಣಂತನದ ರಜೆ ಮುಗಿದ ಮೇಲೆ ನಾನು ಕೆಲಸ ಬದಲಿಸಿದ್ದು

"ಕ್ಯಾಲೆಂಡರ್ ನೋಡಿ ಕೆಲಸ ಬಿಡ್ತೀಯಾ? ಅದಕ್ಕಿಂತ ಪಂಚಾಂಗ ನೋಡೋದು ವಾಸಿ." ನನ್ನ ಟೀಮಿನ ಗೆಳತಿ ಹೀಗಂದು ನಕ್ಕಿದ್ದಳು. ಹೋದ ತಿಂಗಳು ಅವಳೇ ಫೋನ್ ಮಾಡಿ "ಆ ಕ್ಯಾಲೆಂಡರ್ ವಿಷಯ ಸ್ವಲ್ಪ ಹೇಳೇ" ಅಂದಳು. ಕೆಲಸ ಬಿಡಬೇಕೋ ಬೇಡವೋ ಅಂತ ಗೋಡೆ ಕ್ಯಾಲೆಂಡರಿನಲ್ಲಿ ಲೆಕ್ಕ ಇಟ್ಟು ತೀರ್ಮಾನಿಸಿದವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಸಾಫ್ಟ್‌ವೇರ್ ಟೆಸ್ಟರ್. ಮನೆ ಬೆಂಗಳೂರಿನ ವಿಜಯನಗರ, ಆಫೀಸು ವೈಟ್‌ಫೀಲ್ಡ್. 26 ವಾರದ ರಜೆ ಮುಗಿಸಿ 2023ರ ಏಪ್ರಿಲ್‌ನಲ್ಲಿ ವಾಪಸ್ ಹೋದೆ. ನಾಲ್ಕು ವರ್ಷ ಕಟ್ಟಿದ ಆಟೊಮೇಷನ್, ಅಂದರೆ ಟೆಸ್ಟುಗಳು ತಾವಾಗೇ ಓಡುವಂತೆ ಪ್ರೋಗ್ರಾಂ ಬರೆಯುವ ಕೆಲಸ, ಬೇರೆಯವರ ಕೈಗೆ ಹೋಗಿತ್ತು. ನನಗೆ ಉಳಿದದ್ದು ಕೈಯಲ್ಲಿ ಒತ್ತಿ ಒತ್ತಿ ನೋಡುವ ಟೆಸ್ಟಿಂಗ್. ಆಗ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗೆ ಮೆಟ್ರೊ ಇರಲಿಲ್ಲ. ಇಳಿ, ಬಸ್ ಹತ್ತು, ಮತ್ತೆ ಮೆಟ್ರೊ ಹತ್ತು. ಒಂದು ಕಡೆಗೇ ಒಂದೂಮುಕ್ಕಾಲು ಗಂಟೆ. ಕಂಪನಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಇತ್ತು, ಇಲ್ಲ ಅನ್ನೋದಿಲ್ಲ. ಆದರೆ ಆರು ತಿಂಗಳ ಕೂಸನ್ನು ಎತ್ತಿಕೊಂಡು ಆ ದಾರಿ ಯಾರು ಹೋಗುತ್ತಾರೆ?

ಮೊದಲು ಎಕ್ಸೆಲ್ ಹಾಳೆ ಮಾಡಿದೆ. ಸಂಬಳಕ್ಕೆ ಇಷ್ಟು ಅಂಕ, ಓಡಾಟಕ್ಕೆ ಇಷ್ಟು, ಮಗುವಿಗೆ ಇಷ್ಟು. ದಂಡ. ಸುಸ್ತಾಗಿ ಬಂದ ಸಂಜೆ ತೆರೆದರೆ "ಬಿಡು" ಅಂತಿತ್ತು, ಸಂಬಳದ ದಿನ ತೆರೆದರೆ "ಇರು" ಅಂತಿತ್ತು. ಯಾಕಂದರೆ ಅಂಕ ತಿದ್ದುತ್ತಿದ್ದವಳು ನಾನೇ.

ಎರಡನೇ ವಾರದಲ್ಲಿ ಇನ್ನೂ ದೊಡ್ಡ ಎಡವಟ್ಟು. ಸರ್ಜಾಪುರ ರಸ್ತೆಯ ಒಂದು ಕಂಪನಿ ಶೇ 35 ಜಾಸ್ತಿ ಕೊಡುತ್ತೇವೆ, 30 ದಿನದಲ್ಲಿ ಸೇರಿ ಅಂದಿತು. ಫೋನಿನಲ್ಲೇ ಹೂಂ ಅಂದುಬಿಟ್ಟೆ. ರಾಜೀನಾಮೆ ಮೇಲ್ ಬರೆದು ಡ್ರಾಫ್ಟಿನಲ್ಲಿಟ್ಟಿದ್ದೆ. ರಾತ್ರಿ ಬ್ಯಾಂಕಿನಲ್ಲಿರುವ ಅಕ್ಕ ಒಂದೇ ಮಾತು ಕೇಳಿದಳು: "ಗ್ರಾಚುಯಿಟಿ ಎಷ್ಟು ಬರುತ್ತೆ?" ಐದು ವರ್ಷ ಪೂರ್ತಿ ದುಡಿದವರು ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು ಅದು. ನಾನು ಸೇರಿದ್ದು 2018ರ ಅಕ್ಟೋಬರ್. ಐದು ವರ್ಷಕ್ಕೆ ಇನ್ನೂ ಐದಾರು ತಿಂಗಳು ಬಾಕಿ. ಬಾಣಂತನದ ರಜೆಯೂ ಸರ್ವಿಸಿಗೆ ಸೇರುತ್ತೆ, ಹಾಗಾಗಿ ಕಾದರೆ ಸಾಕು. ಬೇಸಿಕ್ ಸಂಬಳ ತಿಂಗಳಿಗೆ ಸುಮಾರು 38 ಸಾವಿರ. ತಿಂಗಳಿಗೆ 26 ದಿನ ಅಂತ ಭಾಗಿಸಿ, ವರ್ಷಕ್ಕೆ 15 ದಿನದ ಸಂಬಳದಂತೆ ಐದು ವರ್ಷಕ್ಕೆ ಲೆಕ್ಕ ಹಾಕಿದರೆ ಒಂದು ಲಕ್ಷದ ಒಂಬತ್ತು ಸಾವಿರ ಚಿಲ್ಲರೆ. ಮೇಲೆ 90 ದಿನದ ನೋಟಿಸ್ ಮುಗಿಸದೆ 30 ದಿನಕ್ಕೇ ಹೊರಟರೆ, ಉಳಿದ ಎರಡು ತಿಂಗಳ ಬೇಸಿಕ್ ನಾನೇ ಕಟ್ಟಬೇಕಿತ್ತು, ಅದು 76 ಸಾವಿರ. ಮೇಲ್ ಅಳಿಸಿದೆ. ಆ ಕಂಪನಿಯವರು ಈಗಲೂ ನನ್ನ ಫೋನ್ ಎತ್ತುವುದಿಲ್ಲ, ಬಿಡಿ.

ಆಮೇಲೆ ಹೊಳೆದದ್ದು ಚೀಟಿ. ಗೆರೆಯನ್ನು ಮೊದಲೇ ಎಳೆದುಬಿಡಬೇಕು, ಆಮೇಲೆ ತಿದ್ದಲು ಬರಬಾರದು. ಒಂದು ಚೀಟಿಯಲ್ಲಿ ಕೆಲಸ ಬಿಡೋದಕ್ಕೆ ಎರಡು ಷರತ್ತು ಬರೆದೆ. ಮಗಳು ಪುಟ್ಟಿ ಎಚ್ಚರವಾಗಿದ್ದಾಗ ನಾನು ಅವಳ ಜೊತೆ ಇದ್ದದ್ದು 90 ನಿಮಿಷಕ್ಕಿಂತ ಕಮ್ಮಿಯಾದ ದಿನಗಳು ಅರ್ಧಕ್ಕಿಂತ ಜಾಸ್ತಿ ಇರಬೇಕು. ನನ್ನ ಹಳೇ ಕೆಲಸ, ಅಂದರೆ ಆಟೊಮೇಷನ್, ಕೈಗೆ ಸಿಕ್ಕ ದಿನಗಳು ವಾರಕ್ಕೆ ಎರಡಕ್ಕಿಂತ ಕಮ್ಮಿ ಇರಬೇಕು. ಎರಡೂ ನಿಜವಾದರೆ ಮಾತ್ರ ಬಿಡೋದು. ಮೊದಲನೆಯದು ಮಾತ್ರ ಆದರೆ ಮನೆಯಿಂದ ಕೆಲಸ ಕೇಳೋದು, ಎರಡನೆಯದು ಮಾತ್ರ ಆದರೆ ಟೀಮ್ ಬದಲಿಸು ಅನ್ನೋದು. ಚೀಟಿ ಮಡಚಿ ಅಮ್ಮನ ಕೈಗೆ ಕೊಟ್ಟೆ. ಅಮ್ಮ ಅದನ್ನು ಅಕ್ಕಿ ಡಬ್ಬದ ತಳಕ್ಕೆ ತಳ್ಳಿ, ಮೇಲೆ ಎರಡು ಸೇರು ಸುರಿದು, "ಅಕ್ಕಿ ಮುಗಿದಾಗ ನೋಡ್ಕೋ" ಅಂದರು.

ರಾತ್ರಿ ಗೋಡೆ ಕ್ಯಾಲೆಂಡರಿನ ಚೌಕದಲ್ಲಿ ನಿಮಿಷ ಬರೆಯುವುದು, ಹಳೇ ಕೆಲಸ ಸಿಕ್ಕಿದ್ದರೆ ಒಂದು ಟಿಕ್. ಅಷ್ಟೇ. 35, 50, 40, ಟಿಕ್ ಇಲ್ಲ. ಇವರು ಹಾದು ಹೋಗುವಾಗೆಲ್ಲ "ಹಾಲಿನವನ ಲೆಕ್ಕಾನಾ?" ಅಂತ ಕೇಳುತ್ತಿದ್ದರು.

ನಡುವೆ ಆಫೀಸಿನಲ್ಲಿ ಎದೆಹಾಲು ತೆಗೆದು ತರುವ ಪ್ರಯೋಗವೂ ನಡೆಯಿತು. ಕೈಪಂಪ್ 1,200ಕ್ಕೆ ತಂದೆ, ಮಣಿಕಟ್ಟು ಹಿಡಿದುಕೊಂಡಿತು. ಕರೆಂಟಿನದು ನಾಲ್ಕೂವರೆ ಸಾವಿರ ಆಯಿತು. ಅದೇನೋ ಚೆನ್ನಾಗಿತ್ತು. ಒಂದು ದಿನ ಬಸ್ಸಿನ ನೂಕುನುಗ್ಗಲಲ್ಲಿ ಬಾಟಲಿ ಮುಚ್ಚಳ ಬಿಚ್ಚಿಕೊಂಡು ಲ್ಯಾಪ್‌ಟಾಪ್ ಚೀಲದೊಳಗೆಲ್ಲ ಹಾಲು. ಕೀಬೋರ್ಡಿಗೆ ಏನೂ ಆಗಲಿಲ್ಲ, ನಾನು ಮಾತ್ರ ಮೆಟ್ರೊ ಇಡೀ ಅತ್ತುಕೊಂಡು ಬಂದೆ. ಆ ದಿನದ ಚೌಕದಲ್ಲೂ ಬರೀ ನಿಮಿಷವೇ ಬರೆದೆ. ಅಳು ಲೆಕ್ಕಕ್ಕಿಲ್ಲ ಅಂತ ಚೀಟಿಯಲ್ಲೇ ತೀರ್ಮಾನ ಆಗಿತ್ತಲ್ಲ.

ಜೂನ್ ಕೊನೆಗೆ 12 ವಾರ. ಚುನಾವಣೆ ರಜೆ, ಪುಟ್ಟಿಯ ಜ್ವರ ಎಲ್ಲ ಕಳೆದು 54 ದಿನ ಸಿಕ್ಕಿತು. ಅದರಲ್ಲಿ 41 ದಿನ 90ಕ್ಕಿಂತ ಕಮ್ಮಿ. ಟಿಕ್ ಎಲ್ಲ ಸೇರಿ 15. ಅಕ್ಕಿ ಡಬ್ಬಕ್ಕೆ ಕೈ ಹಾಕಿದೆ.

ಆಮೇಲಿನದು ಸಲೀಸು. ಮಗು ಮಧ್ಯಾಹ್ನ ಮಲಗುವ ಹೊತ್ತಿಗೆ ಶನಿವಾರಗಳಲ್ಲಿ ಇಂಟರ್‌ವ್ಯೂ. "ಮಗುವನ್ನ ಯಾರು ನೋಡ್ಕೋತಾರೆ?" ಅಂತ ಮೂರೂ ಕಡೆ ಕೇಳಿದರು. ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವುದಿಲ್ಲ, ಮುಂದೆ ನನಗೇ ಬೇಕಾಗುತ್ತೆ. ರಾಜಾಜಿನಗರದ ಒಂದು ಸಣ್ಣ ಕಂಪನಿ ಆಯಿತು. ಸಂಬಳ ಬರೀ ಶೇ 9 ಜಾಸ್ತಿ, ಸ್ಕೂಟರಿನಲ್ಲಿ 20 ನಿಮಿಷ, ಆಟೊಮೇಷನ್ ಪೂರ್ತಿ ನನ್ನದೇ. ಹಳೇ ಆಫೀಸಿನ ಗುಂಪು ವಿಮೆ ಕೊನೇ ದಿನಕ್ಕೇ ಮುಗಿಯುತ್ತೆ, ಅದಕ್ಕೆ ಮೊದಲೇ ಮೂವರಿಗೂ ಸ್ವಂತ ಪಾಲಿಸಿ ಮಾಡಿಸಿಕೊಂಡೆ. ಸುಮಾರು 18 ಸಾವಿರ ಹೋಯಿತು. ಜುಲೈ ಮೊದಲ ವಾರ ರಾಜೀನಾಮೆ, 90 ದಿನ ಪೂರ್ತಿ ದುಡಿದು ಅಕ್ಟೋಬರ್ ಮೊದಲ ವಾರ ಹೊರಬಿದ್ದೆ. ಐದು ವರ್ಷ ದಾಟಿ ಮೂರ್ನಾಲ್ಕು ದಿನ. ಗ್ರಾಚುಯಿಟಿ ಬಂದ ದಿನ ಅಕ್ಕನಿಗೆ ಒಂದು ಸೀರೆ.

ನಾನು ಹೊರಬಿದ್ದ ಮುಂದಿನ ಸೋಮವಾರ, ಅಕ್ಟೋಬರ್ 9ಕ್ಕೆ, ಬೈಯಪ್ಪನಹಳ್ಳಿ–ಕೆ.ಆರ್. ಪುರ ಮೆಟ್ರೊ ಶುರುವಾಯಿತು! ಪಕ್ಕದ ಮನೆ ಆಂಟಿ ಗೇಟಿನಲ್ಲೇ ಹಿಡಿದರು: "ಏನಮ್ಮಾ, ಸ್ವಲ್ಪ ತಡೀಬಾರದಿತ್ತಾ?" ಸುಮ್ನೆ ನಕ್ಕು ಒಳಗೆ ಬಂದೆ. ಆದರೆ ಮನಸ್ಸು ತಡೆಯಲಿಲ್ಲ. ಭಾನುವಾರ ಪುಟ್ಟಿಯನ್ನೂ ಅಮ್ಮನನ್ನೂ ಕರೆದುಕೊಂಡು ವೈಟ್‌ಫೀಲ್ಡಿಗೆ ಹೋಗಿ ಬಂದೆ, ಗಡಿಯಾರ ನೋಡಿಕೊಂಡು. ಒಂದು ಕಡೆಗೆ 25 ನಿಮಿಷ ಉಳಿಯುತ್ತೆ. ರಾತ್ರಿ ಹಳೇ ಕ್ಯಾಲೆಂಡರ್ ತೆಗೆದು ಒಂದೊಂದು ದಿನಕ್ಕೂ 50 ಕೂಡಿಸಿದೆ. 41 ಇದ್ದದ್ದು 26ಕ್ಕೆ ಇಳಿಯಿತು. 54ರ ಅರ್ಧ 27.

ಈ ಲೆಕ್ಕ ಇವರಿಗೆ ಇನ್ನೂ ತೋರಿಸಿಲ್ಲ.