ಮಗಳ ಮೊಣಕೈ ಪಕ್ಕೆಗೆ ಬಂದದ್ದು

ನನ್ನ ಮಗಳಿಗೆ 12 ವರ್ಷ. ಸಾಫ್ಟ್‌ಬಾಲ್ ಶುರು ಮಾಡಿ ಒಂದೂವರೆ ವರ್ಷವಾಯಿತು. ಚೆನ್ನಾಗಿ ಓಡುತ್ತಾಳೆ, ಕ್ಯಾಚ್ ಬಿಡುವುದಿಲ್ಲ. ಬ್ಯಾಟಿಂಗ್ ಮಾತ್ರ ಎಷ್ಟು ಒದ್ದಾಡಿದರೂ ಕೂಡಿಬರುತ್ತಿರಲಿಲ್ಲ. ಮೈ ಹತ್ತಿರ ಬಂದ ಚೆಂಡು ಪ್ರತಿ ಸಲ ಹಿಡಿಕೆಯ ಹತ್ತಿರವೇ ತಗಲುತ್ತಿತ್ತು. ಅಂಗೈ ಜುಮ್ ಅಂದು, ಬ್ಯಾಟ್ ಕೆಳಗೆ ಬಿಟ್ಟು ಕೈ ಕೊಡವಿಕೊಳ್ಳುತ್ತಿದ್ದಳು. ಚೆಂಡು ನಾಲ್ಕು ಹೆಜ್ಜೆ ಉರುಳಿ ನಿಲ್ಲುತ್ತಿತ್ತು. ಬರುಬರುತ್ತಾ ಒಳಗೆ ಬರುವ ಚೆಂಡು ಕಂಡರೇ ಹಿಂದೆ ಸರಿಯಲು ಶುರು ಮಾಡಿದಳು. ಅದನ್ನು ನೋಡಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು.

ತಪ್ಪು ನಾನು ಹೇಳಿಕೊಟ್ಟದ್ದರಲ್ಲೇ ಇತ್ತು. ನಾನು ಕ್ರಿಕೆಟ್ ಆಡಿ ಬೆಳೆದವನು. ಸ್ಟ್ರೈಟ್ ಡ್ರೈವ್ ಹೊಡೆಯುವಾಗ ಮುಂದಿನ ಮೊಣಕೈ ಎತ್ತರದಲ್ಲಿರಬೇಕು ಅಂತ ಕಲಿತಿದ್ದೆ. ಅದನ್ನೇ ಇಲ್ಲಿಗೂ ತಂದು ದಿನಾ "ಮೊಣಕೈ ಎತ್ತು, ಮೊಣಕೈ ಎತ್ತು" ಅನ್ನುತ್ತಿದ್ದೆ. ಅವಳು ಪಾಪ, ಹಿಂದಿನ ಮೊಣಕೈಯನ್ನು ಕಿವಿ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದಳು. ಆದರೆ ಆ ಡ್ರೈವ್‌ನಲ್ಲಿ ಬ್ಯಾಟ್ ಮೇಲಿಂದ ಕೆಳಗೆ ನೇರ ಬರುತ್ತದೆ, ಸಾಫ್ಟ್‌ಬಾಲ್‌ನಲ್ಲಿ ಮೈ ಸುತ್ತ ತಿರುಗುತ್ತದೆ. ಎರಡೂ ಬೇರೆ ಅಲ್ವಾ? ಅಷ್ಟು ಯೋಚನೆ ಮಾಡಲು ನನಗೆ ತಿಂಗಳುಗಟ್ಟಲೆ ಬೇಕಾಯಿತು.

ಒಂದು ಭಾನುವಾರ ಬೆಳಿಗ್ಗೆ ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಮೊಬೈಲ್ ಹಿಡಿದು ಸ್ಲೋ ಮೋಷನ್‌ನಲ್ಲಿ ಅವಳ ಬ್ಯಾಟಿಂಗ್ ತೆಗೆದೆ. ಎದೆಯ ಕಡೆಯಿಂದ ಹತ್ತು ಸಲ, ಬೆನ್ನ ಹಿಂದಿನಿಂದ ಹತ್ತು ಸಲ. ಮನೆಗೆ ಬಂದು ನೋಡಿದರೆ ಎಲ್ಲದರಲ್ಲೂ ಒಂದೇ ಕಥೆ. ಅವಳು ಬಲಗೈ ಬ್ಯಾಟರ್. ಚೆಂಡು ಬರುವ ಮೊದಲೇ ಎಡಗೈ ಕೋಲಿನ ಹಾಗೆ ನೆಟ್ಟಗಾಗುತ್ತಿತ್ತು, ಬಲಗೈ ಮೊಣಕೈ ಬೆನ್ನ ಹಿಂದೆಯೇ ಉಳಿದುಬಿಡುತ್ತಿತ್ತು, ಬ್ಯಾಟಿನ ತುದಿ ದೊಡ್ಡ ಗೇಟ್ ತೆಗೆದ ಹಾಗೆ ದೂರದಿಂದ ಸುತ್ತಿ ಬರುತ್ತಿತ್ತು. ಒಳಗಿನ ಚೆಂಡಿಗೆ ಆ ದಾರಿಯಲ್ಲಿ ಬಂದರೆ ಹಿಡಿಕೆ ಬಿಟ್ಟು ಬೇರೇನೂ ಸಿಗುವುದಿಲ್ಲ.

ಸಮಯವೂ ಸಾಲುವುದಿಲ್ಲ. ಮಹಿಳೆಯರ ಫಾಸ್ಟ್‌ಪಿಚ್‌ನಲ್ಲಿ, ಅಂದರೆ ಚೆಂಡನ್ನು ವೇಗವಾಗಿ ಎಸೆಯುವ ಸಾಫ್ಟ್‌ಬಾಲ್‌ನಲ್ಲಿ, ಚೆಂಡು ಎಸೆಯುವ ಪಿಚರ್ ಮತ್ತು ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್ ನಡುವೆ 43 ಅಡಿ, ಅಂದರೆ 13 ಮೀಟರ್ ಚಿಲ್ಲರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬಂದರೂ ಅಷ್ಟು ದೂರ ದಾಟಲು ಚೆಂಡಿಗೆ ಒಂದು ಸೆಕೆಂಡೂ ಬೇಡ. ಅಷ್ಟರಲ್ಲಿ ನೋಡಬೇಕು, ಹೊಡೆಯಬೇಕೋ ಬೇಡವೋ ತೀರ್ಮಾನಿಸಬೇಕು, ಬೀಸಲೂ ಬೇಕು. ಬ್ಯಾಟ್ ಸುತ್ತಿ ಬಳಸಿ ಬರುವಷ್ಟು ಪುರುಸೊತ್ತು ಎಲ್ಲಿದೆ?

ಮೊದಲು ಹಿಡಿತ ಸರಿ ಮಾಡಿದೆ. ಬ್ಯಾಟನ್ನು ಅಂಗೈ ಒಳಗೆ ಬಿಗಿಯಾಗಿ ಅಮುಕಿ ಹಿಡಿದರೆ ಭುಜ ಏರುತ್ತದೆ, ಮೊಣಕೈ ಸೆಟೆಯುತ್ತದೆ. ಬೆರಳಲ್ಲಿ ಹಿಡಿಸಿದೆ. ಬಾಗಿಲು ತಟ್ಟುವಾಗ ಬಳಸುತ್ತೇವಲ್ಲ, ಆ ಗೆಣ್ಣುಗಳು ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಸಾಲಿಗೆ ಬರಬೇಕು. ಇನ್ನೊಂದು ವಿಷಯ, ತಂಡದಲ್ಲಿದ್ದದ್ದು 33 ಇಂಚಿನ ಬ್ಯಾಟ್. ಅವಳಿಗೆ ಭಾರ ಜಾಸ್ತಿ. ತಕ್ಷಣ ಹೊಸದು ಕೊಳ್ಳಲಾಗಲಿಲ್ಲ, ಅದಕ್ಕೆ ಎರಡು ಇಂಚು ಮೇಲಕ್ಕೆ ಹಿಡಿಯಲು ಹೇಳಿದೆ. ಮಕ್ಕಳ ಕೈ ಕೆಡಿಸುವುದರಲ್ಲಿ ಭಾರದ ಬ್ಯಾಟಿನ ಪಾಲು ದೊಡ್ಡದು ಅಂತ ನನಗೆ ಈಗ ಖಾತ್ರಿಯಾಗಿದೆ.

ಮೊಣಕೈ ವಿಷಯ ಬಾಯಲ್ಲಿ ಹೇಳಿದರೆ ಹತ್ತಲಿಲ್ಲ. "ಪಕ್ಕೆಗೆ ತಾ" ಅಂದರೆ ಪಕ್ಕೆಗೆ ಅಂಟಿಸಿಕೊಂಡು ನಿಂತುಬಿಡುತ್ತಿದ್ದಳು. ಅದು ಬಗೆಹರಿದದ್ದು ನಮ್ಮೂರ ಕೆರೆ ದಂಡೆಯಲ್ಲಿ. ಹಬ್ಬಕ್ಕೆ ಹೋಗಿದ್ದಾಗ ಅಲ್ಲಿ ಮಕ್ಕಳೆಲ್ಲ ಚಪ್ಪಟೆ ಕಲ್ಲು ಆರಿಸಿ ನೀರಿನ ಮೇಲೆ ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ಹೋಗುವಂತೆ ಎಸೆಯುತ್ತಿದ್ದರು, ಇವಳೂ ಎಸೆದಳು, ಐದು ಸಲ ಕುಪ್ಪಳಿಸಿತು. ನಾನು ಸುಮ್ನೆ ನೋಡುತ್ತಿದ್ದೆ. ಮೊಣಕೈ ಮಡಚಿ ಸೊಂಟದ ಪಕ್ಕಕ್ಕೆ ಮೊದಲು ಬರುತ್ತಿದೆ, ಅಂಗೈ ಆಕಾಶಕ್ಕಿದೆ, ಕೈ ಅದರ ಹಿಂದೆ, ಕಲ್ಲು ಎಲ್ಲದಕ್ಕಿಂತ ಕೊನೆಗೆ. ಹಿಂದಿನ ಕೈಯಿಂದ ನನಗೆ ಬೇಕಾದದ್ದು ಇದೇ! ಅಲ್ಲೇ ಒಂದು ಕೋಲು ಕೊಟ್ಟು "ಈಗ ಕಲ್ಲು ಎಸೆದ ಹಾಗೇ ಬೀಸು" ಅಂದೆ. ಮೂರನೇ ಸಲಕ್ಕೆ ಅವಳೇ ನನ್ನ ಮುಖ ನೋಡಿದಳು.

ಅಂದಿನಿಂದ ಮೊಣಕೈ ಅನ್ನುವ ಪದವನ್ನೇ ಬಿಟ್ಟೆ. "ಕಲ್ಲು" ಅಂದರೆ ಸಾಕು.

ಆಮೇಲೆ ಟೀ ಮೇಲೆ ಕೆಲಸ. ಟೀ ಅಂದರೆ ಚೆಂಡನ್ನು ಮೇಲಿಟ್ಟು ಹೊಡೆಯುವ ಸಣ್ಣ ಕಂಬ. ಪಿವಿಸಿ ಪೈಪಿನ ತುದಿಗೆ ರಬ್ಬರ್ ಟ್ಯೂಬಿನ ತುಂಡು ಸಿಕ್ಕಿಸಿ ನಾನೇ ಟೀ ಮಾಡಿದೆ. ಒಳಗಿನ ಚೆಂಡಾದರೆ ಮುಂದಿನ ಪಾದಕ್ಕಿಂತ ಸ್ವಲ್ಪ ಮುಂದೆ ಇಡುತ್ತಿದ್ದೆ. ಬಲಗೈ ಕಂಕುಳಲ್ಲಿ ಚಿಕ್ಕ ಟವೆಲ್ ಸಿಕ್ಕಿಸಿ ಬೀಸಿಸುತ್ತಿದ್ದೆ. ಬೀಸು ಶುರುವಾಗುತ್ತಿದ್ದ ಹಾಗೇ ಟವೆಲ್ ಬಿದ್ದರೆ ಕೈ ಮೈಯಿಂದ ಬೇಗ ಬಿಟ್ಟುಹೋಯಿತು ಅಂತ ಲೆಕ್ಕ. ಚೆಂಡಿಗೆ ತಗಲಿದ ಮೇಲೆ ಬಿದ್ದರೆ ಸರಿ, ಬೀಳಲೇಬೇಕು. ಚೆಂಡು ತಗಲುವ ಹೊತ್ತಿಗೆ ಹಿಂದಿನ ಮೊಣಕೈ ಪಕ್ಕೆಯ ಹತ್ತಿರ ಇನ್ನೂ ಮಡಚಿರಬೇಕು, ಮೇಲಿನ ಕೈಯ ಅಂಗೈ ಆಕಾಶಕ್ಕೆ, ಕೆಳಗಿನದು ನೆಲಕ್ಕೆ. ಎರಡೂ ಕೈ ಪೂರ್ತಿ ಚಾಚುವುದು ಚೆಂಡು ಹೊರಟ ಮೇಲೆ.

ಗೋಡೆ ಮುಂದೆ ನಿಲ್ಲಿಸುವ ಅಭ್ಯಾಸವನ್ನೂ ಮಾಡಿಸಿದೆ. ಬ್ಯಾಟಿನ ಬುಡ ಹೊಟ್ಟೆಗೆ, ತುದಿ ಗೋಡೆಗೆ ಇಟ್ಟು ದೂರ ಅಳೆದು ಅಲ್ಲೇ ನಿಂತು, ಗೋಡೆಗೆ ತಾಗದ ಹಾಗೆ ಬೀಸುವುದು. ನಾಲ್ಕೇ ದಿನಕ್ಕೆ ನಿಲ್ಲಿಸಿಬಿಟ್ಟೆ. ಗೋಡೆಗೆ ಹೆದರಿ ಕೈಯನ್ನು ಎದೆಗೆ ಎಳೆದುಕೊಳ್ಳುತ್ತಿದ್ದಳು, ಒಂದು ತಪ್ಪು ತೆಗೆಯಲು ಹೋಗಿ ಇನ್ನೊಂದು ಕಲಿಸಿದ ಹಾಗಾಗುತ್ತಿತ್ತು.

ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ಚೆಂಡು, ಅದಕ್ಕಿಂತ ಜಾಸ್ತಿ ಇಲ್ಲ. ಸುಸ್ತಾದ ಮೇಲೆ ಬೀಸಿದರೆ ಹಳೆಯದೇ ವಾಪಸ್ ಬರುತ್ತದೆ. ಮೊದಲ ಎರಡು ವಾರ ಮುಂಚೆಗಿಂತ ಕೆಟ್ಟದಾಗಿ ಹೊಡೆದಳು, ಒಂದು ದಿನ ಅತ್ತಳು ಕೂಡ. ಆ ದಿನ ಬ್ಯಾಟ್ ಒಳಗಿಟ್ಟು ಬರೀ ಕ್ಯಾಚ್ ಆಡಿದೆವು. ಅವಳ ಜೊತೆಗಿರುವವರು ಆ ಎರಡು ವಾರ ಬಾಯಿ ಮುಚ್ಚಿಕೊಂಡು ಚೆಂಡು ಹೆಕ್ಕಿಕೊಟ್ಟರೆ ಸಾಕು. ಮೂರನೇ ವಾರ ಒಂದು ಒಳಗಿನ ಚೆಂಡು ಸರಿಯಾಗಿ ಬ್ಯಾಟಿನ ಹೊಟ್ಟೆಗೆ ತಗಲಿತು. ಸದ್ದೇ ಬೇರೆ. ಥರ್ಡ್ ಬೇಸ್‌ನಲ್ಲಿ ನಿಂತಿದ್ದ ಹುಡುಗಿ ಬಗ್ಗುವಷ್ಟರಲ್ಲಿ ಚೆಂಡು ಪಕ್ಕದಿಂದ ದಾಟಿ ಹೋಗಿತ್ತು. ಇವಳು ಓಡುವುದನ್ನೇ ಮರೆತು ತನ್ನ ಅಂಗೈ ನೋಡಿಕೊಂಡಳು, ಜುಮ್ ಅಂದಿರಲಿಲ್ಲ.

ಹೊರಗಿನ ಚೆಂಡು ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ. ಅದನ್ನು ಹಿಡಿಯಲು ಹೋದಾಗ ಎಡಗೈ ಮತ್ತೆ ಬೇಗ ನೆಟ್ಟಗಾಗುತ್ತದೆ. ಟೀಯನ್ನು ಪ್ಲೇಟಿನ ಹೊರ ಅಂಚಿಗೆ, ಒಂದಷ್ಟು ಹಿಂದಕ್ಕೆ ಇಟ್ಟು ರೈಟ್ ಫೀಲ್ಡ್, ಅಂದರೆ ಮೈದಾನದ ಬಲಭಾಗದ ಕಡೆ ಹೊಡೆಸುತ್ತಿದ್ದೇನೆ. ನಿನ್ನೆ 40ರಲ್ಲಿ 11 ಆ ಕಡೆ ನೇರ ಹೋದವು.