ಮೊದಲ 72 ತಾಸು

ಕಲಬುರಗಿಯ ನವಜಾತ ಶಿಶುಗಳ ವಾರ್ಡಿನಲ್ಲಿ ನಾನು ಸ್ಟಾಫ್ ನರ್ಸ್. 32 ವಾರ ತುಂಬುವ ಮೊದಲೇ ಹುಟ್ಟಿದ ಕೂಸು ನಮ್ಮಲ್ಲಿಗೆ ಬಂದರೆ ಅದನ್ನು ಬೆಚ್ಚಗಿಡುವ ವಾರ್ಮರಿಗೆ ಒಂದು ಚೀಟಿ ಅಂಟಿಸುತ್ತೇವೆ. ಮೇಲೆ ಹುಟ್ಟಿದ ಹೊತ್ತು, ಕೆಳಗೆ 72 ತಾಸು ಮುಗಿಯುವ ಹೊತ್ತು. ಅಲ್ಲಿಯವರೆಗೆ ಆ ಕೂಸಿನ ನರ್ಸನ್ನು ಕೇಳದೆ ಯಾರೂ ಅದನ್ನು ಮುಟ್ಟುವಂತಿಲ್ಲ, ಡಾಕ್ಟರಾಗಲಿ, ಎಕ್ಸ್‌ರೇ ತೆಗೆಯುವವರಾಗಲಿ.

ಮಿದುಳಿನ ನಡುವೆ ನೀರು ತುಂಬಿದ ಕೋಣೆಗಳಿವೆ. ಅವುಗಳ ಅಂಚಿನಲ್ಲಿ ಹೊಸ ಕೋಶಗಳು ಹುಟ್ಟುವ ಒಂದು ಪದರವಿದ್ದು, ಸುಮಾರು 34 ವಾರದ ಹೊತ್ತಿಗೆ ಅದು ತಾನಾಗಿ ಕರಗುತ್ತದೆ. ಅದಕ್ಕೆ ಮೊದಲೇ ಹೆರಿಗೆಯಾದರೆ ಅಲ್ಲಿನ ರಕ್ತನಾಳಗಳು ಉಳ್ಳಾಗಡ್ಡಿಯ ಒಳಪೊರೆಯಷ್ಟು ತೆಳುವಾಗಿರುತ್ತವೆ. ನಮ್ಮ ನಿಮ್ಮ ಮೈಯಲ್ಲಿ ರಕ್ತದೊತ್ತಡ ಏರಿಳಿದರೂ ಮಿದುಳು ತನ್ನ ಪಾಲಿನ ರಕ್ತವನ್ನು ಹದದಲ್ಲಿ ಇಟ್ಟುಕೊಳ್ಳುತ್ತದೆ. ಈ ಕೂಸುಗಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಜೋರಾಗಿ ಅತ್ತರೂ, ಗಂಟಲಿನ ಕಫ ಎಳೆದರೂ, ಸಲೈನನ್ನು ಒಮ್ಮೆಲೇ ತಳ್ಳಿದರೂ ಆ ಏರಿಳಿತ ನೇರವಾಗಿ ಮಿದುಳಿಗೆ ತಟ್ಟಿ ನಾಳ ಒಡೆಯಬಹುದು. ಇಂಥ ರಕ್ತಸ್ರಾವಗಳಲ್ಲಿ ಬಹುಪಾಲು ಆಗುವುದು ಮೊದಲ ಮೂರು ದಿನದಲ್ಲಿ, ಅದರಲ್ಲೂ ಸುಮಾರು ಅರ್ಧ ಮೊದಲ ದಿನವೇ. ಸಣ್ಣದಾದರೆ ಮಾಯುತ್ತದೆ. ದೊಡ್ಡದಾದರೆ ತಲೆಯಲ್ಲಿ ನೀರು ತುಂಬಬಹುದು, ಮುಂದೆ ಕೈಕಾಲು ಬಿಗಿಯುವ ಸೆರೆಬ್ರಲ್ ಪಾಲ್ಸಿ ಬರಬಹುದು. ಒಡೆದದ್ದನ್ನು ಮೊದಲಿನಂತೆ ಮಾಡುವ ಔಷಧ ಯಾವ ಊರಿನಲ್ಲೂ ಇಲ್ಲ, ಆದ್ದರಿಂದ ಒಡೆಯದಂತೆ ಕಾಯುವುದೇ ನಮ್ಮ ಕೆಲಸ.

ಡ್ಯೂಟಿಗೆ ಬಂದ ಕೂಡಲೇ ನಾನು ಮೊದಲು ನೋಡುವುದು ತಲೆ ಹೇಗಿದೆ ಎಂದು. ಮೂಗು, ಗದ್ದ, ಹೊಕ್ಕುಳ ಒಂದೇ ಗೆರೆಯಲ್ಲಿರಬೇಕು. ತಲೆ ಒಂದು ಬದಿಗೆ ಪೂರ್ತಿ ಹೊರಳಿದರೆ ಆ ಬದಿಯ ಕುತ್ತಿಗೆಯ ರಕ್ತನಾಳ ಅಮುಕಿಕೊಂಡು, ಮಿದುಳಿನಿಂದ ಕೆಳಗಿಳಿಯಬೇಕಾದ ರಕ್ತಕ್ಕೆ ದಾರಿ ಇಲ್ಲದಾಗುತ್ತದೆ. ಹಾಸಿಗೆಯ ತಲೆಭಾಗವನ್ನು 15ರಿಂದ 30 ಡಿಗ್ರಿ ಏರಿಸಿ, ತಲೆಯ ಎರಡೂ ಬದಿಗೆ ಹತ್ತಿ ಬಟ್ಟೆಯ ಸುರುಳಿ ಇಡುತ್ತೇವೆ. ಡೈಪರ್ ಬದಲಿಸುವಾಗ ಎರಡೂ ಕಾಲು ಹಿಡಿದು ಮೇಲೆತ್ತುವ ರೂಢಿ ಎಲ್ಲರ ಕೈಗೂ ಇರುತ್ತದೆ. ನಮ್ಮಲ್ಲಿ ಅದನ್ನು ಬಿಡಿಸಿದ್ದೇವೆ, ಏಕೆಂದರೆ ಕಾಲು ಮೇಲೆದ್ದರೆ ರಕ್ತ ತಲೆಯ ಕಡೆ ನುಗ್ಗುತ್ತದೆ. ಒಬ್ಬರು ತಲೆ ಮತ್ತು ಮೈಯನ್ನು ಒಟ್ಟಿಗೆ ತುಸುವೇ ಹೊರಳಿಸುತ್ತಾರೆ, ಇನ್ನೊಬ್ಬರು ಕೆಳಗಿನಿಂದ ಡೈಪರ್ ಜಾರಿಸುತ್ತಾರೆ. ತಲೆ ನೇರ ಇಡುವುದೊಂದರಿಂದಲೇ ಎಷ್ಟು ಲಾಭ ಎಂಬುದನ್ನು ಅಧ್ಯಯನಗಳು ಇನ್ನೂ ಖಚಿತಪಡಿಸಿಲ್ಲ. ಹಾಗಿದ್ದರೂ ನಾನು ಬಿಡುವುದಿಲ್ಲ. ಖರ್ಚಿಲ್ಲದ ಕೆಲಸ, ಜೊತೆಗೆ ಚೀಟಿ ನೋಡಿ ತಲೆ ಸರಿಪಡಿಸಲು ನಿಂತ ನರ್ಸ್ ಉಳಿದದ್ದನ್ನೂ ನಿಧಾನವಾಗಿಯೇ ಮಾಡುತ್ತಾಳೆ.

ಆ ನಿಧಾನವನ್ನು ಕಲಿಸುವುದೇ ಕಷ್ಟ. ಒಳ್ಳೆಯ ನರ್ಸ್ ಎಂದರೆ ಚುರುಕು ಕೈ ಎಂದು ನಾವೆಲ್ಲ ಕಲಿತು ಬಂದವರು. ಇಲ್ಲಿ ಹೊಕ್ಕುಳಿನ ಲೈನಿನಿಂದ, ಅಂದರೆ ಹೊಕ್ಕುಳಿನ ರಕ್ತನಾಳಕ್ಕೆ ಹಾಕಿದ ಸಣ್ಣ ನಳಿಕೆಯಿಂದ, ರಕ್ತ ಎಳೆಯುವಾಗ ಮನಸ್ಸಿನಲ್ಲೇ ಎಣಿಸುತ್ತ ಎಳೆಯಬೇಕು, ಔಷಧ ಬಿಡುವಾಗಲೂ ಹಾಗೆಯೇ. ಸಲೈನ್ ಸಿರಿಂಜ್ ಪಂಪಿನಲ್ಲೇ ಹೋಗಬೇಕು. ಕಫ ಎಳೆಯುವ ಸಕ್ಷನ್ ಬೇಕೆನಿಸಿದಾಗ ಮಾತ್ರ, ಗಡಿಯಾರ ನೋಡಿ ಅಲ್ಲ. ಉಷ್ಣಾಂಶ, ಡೈಪರ್, ರಕ್ತಪರೀಕ್ಷೆ ಎಲ್ಲ ಒಂದೇ ಹೊತ್ತಿಗೆ ಕೂಡಿಸಿ ಮುಗಿಸಿದರೆ ಉಳಿದ ಹೊತ್ತು ಕೂಸು ಮಲಗುತ್ತದೆ. ನಡುವೆ ಆಕ್ಸಿಜನ್ ಇಳಿಯತೊಡಗಿದರೆ ಅಲ್ಲಿಗೇ ನಿಲ್ಲಿಸುತ್ತೇವೆ. ಉಸಿರು ಕೊಡಲು ಬ್ಯಾಗ್ ಒತ್ತುವವರ ಕೈ ಹಗುರ ಇರಬೇಕು: ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಮಿದುಳಿನ ನಾಳಗಳು ಹಿಗ್ಗುತ್ತವೆ, ತೀರಾ ಇಳಿದರೆ ಅವೇ ಕುಗ್ಗಿ ಮಿದುಳಿನ ಬಿಳಿ ಭಾಗಕ್ಕೆ ರಕ್ತ ಸಾಲುವುದಿಲ್ಲ.

ಮನೆಯವರಿಗೆ ಇದನ್ನು ತಿಳಿಸುವುದೂ ನನ್ನದೇ ಕೆಲಸ. ಚಿಂಚೋಳಿ ಕಡೆಯ ಒಬ್ಬ ಆಯಿ ಬಾಗಿಲಲ್ಲಿ ನಿಂತು, "ಸಿಸ್ಟರ್, ಹಿಂಗೇ ಮಲಗಿಸಿದ್ರ ತಲಿ ಚಪ್ಪಟಿ ಆಗತದಲ್ರೀ, ಒಂದಿಷ್ಟು ಎಣ್ಣಿ ಹಚ್ಚಿ ತೀಡತೀನಿ" ಎಂದರು. "ಆಯಿ, ಈಗ ಬ್ಯಾಡ್ರಿ. ತಲಿ ಒಳಗಿನ ನರ ಇನ್ನಾ ಭಾಳ ಎಳಿ ಅದಾವ. ನೀವು ಸೊಸಿ ಬಾಜೂಕ ಕೂಡ್ರಿ, ಹಾಲು ಹಿಂಡಲಾಕ ಧೈರ್ಯ ಹೇಳ್ರಿ. ಕೂಸಿಗಿ ಆ ಹಾಲು ಬೇಕ್ರಿ" ಎಂದೆ. ಅವರು ಹೋಗಿ ಕೂತರು. ಅವ್ವನ ಕೈಗೆ ನಾವು ತಡೆಯೊಡ್ಡುವುದಿಲ್ಲ. ಕೈ ತೊಳೆದು, ಬೆಚ್ಚಗೆ ಮಾಡಿಕೊಂಡು, ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಪಾದದ ಕೆಳಗೆ ಸುಮ್ಮನೆ ಇಡಲು ಹೇಳುತ್ತೇವೆ. ಸವರಬಾರದು, ತಟ್ಟಬಾರದು. ಮಾನಿಟರಿನಲ್ಲಿ ಹೃದಯ ಬಡಿತ ಇಳಿದು ನಿಲುವಿಗೆ ಬರುವುದನ್ನು ಅವ್ವನೂ ನೋಡುತ್ತಾಳೆ. ಕೂಸು ಸ್ಥಿರವಾದ ಮೇಲೆ ಎದೆಗವಚಿಕೊಳ್ಳುವ ಕಾಂಗರೂ ಆರೈಕೆ.

ಚಳಿಯ ವಿಷಯ ನಮ್ಮ ಭಾಗದಲ್ಲಿ ಯಾರೂ ಸುಲಭಕ್ಕೆ ನಂಬುವುದಿಲ್ಲ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಬಿಸಿಲಿದ್ದಾಗಲೂ ಎಸಿ ಹಾಕಿದ ಥಿಯೇಟರಿನಲ್ಲಿ ಹುಟ್ಟಿದ ಕಿಲೋ ತೂಕದ ಒದ್ದೆ ಕೂಸು ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಒರೆಸುತ್ತ ಕೂಡದೆ ಕುತ್ತಿಗೆಯವರೆಗೆ ಪ್ಲಾಸ್ಟಿಕ್ ಚೀಲದಲ್ಲಿ ಇಳಿಸಿ, ಟೋಪಿ ಹಾಕಿ, ವಾರ್ಮರಿನ ಕೆಳಗೆ ಇಡುತ್ತೇವೆ. ಮೈ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಕೂಸು ಉಸಿರಾಡುತ್ತಿದ್ದರೆ ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ತಡೆದು ಕತ್ತರಿಸಿ ಎಂದು ಹೆರಿಗೆ ಕೋಣೆಯವರನ್ನು ಕೇಳುತ್ತಲೇ ಇರುತ್ತೇವೆ.

ಇಷ್ಟೆಲ್ಲ ಹೇಳಿದರೂ, ದೊಡ್ಡ ಕೆಲಸ ಆಗುವುದು ಕೂಸು ಇನ್ನೂ ಹೊಟ್ಟೆಯಲ್ಲಿರುವಾಗ. 24ರಿಂದ 34 ವಾರದೊಳಗೆ ಹೆರಿಗೆ ನೋವು ಬಂದವಳಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ 6 ಮಿಲಿಗ್ರಾಂ, 12 ತಾಸಿಗೊಮ್ಮೆ, ನಾಲ್ಕು ಸಲ. ಅಗ್ಗದ ಇಂಜೆಕ್ಷನ್. ಕೂಸಿನ ಶ್ವಾಸಕೋಶ ಬಲಿಯುತ್ತದೆ, ಮಿದುಳಿನ ರಕ್ತಸ್ರಾವವೂ ಕಡಿಮೆಯಾಗುತ್ತದೆ. ಮೊದಲ ಡೋಸ್ ಕೊಟ್ಟು ರೆಫರ್ ಮಾಡಲು ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿ ಹಳ್ಳಿಗಳ ಉಪಕೇಂದ್ರದ ಎಎನ್‌ಎಂ ಸಿಸ್ಟರುಗಳಿಗೂ ಅನುಮತಿ ಕೊಟ್ಟಿದೆ. 32 ವಾರಕ್ಕೆ ಮೊದಲೇ ಹೆರಿಗೆಯಾಗುವಂತಿದ್ದರೆ ಆಸ್ಪತ್ರೆಯಲ್ಲಿ ಕೊಡುವ ಮ್ಯಾಗ್ನೀಷಿಯಂ ಸಲ್ಫೇಟ್ ಸೆರೆಬ್ರಲ್ ಪಾಲ್ಸಿಯ ಅಪಾಯ ತಗ್ಗಿಸುತ್ತದೆ. ಸೇಡಂ, ಜೇವರ್ಗಿ, ಅಫಜಲಪುರದ ರಸ್ತೆಗಳಲ್ಲಿ ಇಂಥ ಕೂಸಿಗೆ ಅವ್ವನ ಹೊಟ್ಟೆಗಿಂತ ಒಳ್ಳೆಯ ಇನ್‌ಕ್ಯುಬೇಟರ್ ಇಲ್ಲ. ಹೆರಿಗೆಯಾದ ಮೇಲೆ ಕೂಸನ್ನು ಸಾಗಿಸುವುದಕ್ಕಿಂತ, ಸಮಯವಿದ್ದರೆ ಅವ್ವನನ್ನೇ 108ರಲ್ಲಿ ಕಳಿಸಬೇಕು. "ಏಳು ತಿಂಗಳಿನ ಕೂಸು ಬದುಕತದ, ಎಂಟರದು ಬದುಕಂಗಿಲ್ಲ" ಎಂಬ ಮಾತು ಇನ್ನೂ ಕೇಳುತ್ತೇನೆ. ನಾನು ಕಂಡದ್ದು ಅದಕ್ಕೆ ತಿರುಗಾಮುರುಗಾ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಿದುಳಿಗೆ ಲಾಭ.

ತಾಲೂಕು ಆಸ್ಪತ್ರೆಯ ಸಿಸ್ಟರುಗಳು ಫೋನ್ ಮಾಡಿದಾಗಲೆಲ್ಲ ನಾನು ಒಂದನ್ನು ಕೇಳಿಕೊಳ್ಳುತ್ತೇನೆ: ರೆಫರಲ್ ಚೀಟಿಯಲ್ಲಿ ಎಷ್ಟು ವಾರ, ಸ್ಟೆರಾಯ್ಡ್ ಎಷ್ಟು ಡೋಸ್, ಕೊನೆಯದು ಎಷ್ಟು ಗಂಟೆಗೆ, ಮ್ಯಾಗ್ನೀಷಿಯಂ ಕೊಟ್ಟಿದೆಯೋ ಇಲ್ಲವೋ ಎಂದು ಬರೆಯಿರಿ. ಅದಿಲ್ಲದಿದ್ದರೆ ನಮ್ಮ ಡಾಕ್ಟರು ಮುಂದಿನ ಡೋಸಿನ ಹೊತ್ತನ್ನು ಅಂದಾಜಿನಲ್ಲಿ ಹಾಕಬೇಕಾಗುತ್ತದೆ. ಹೊರಡುವ ಮೊದಲು ಒಂದು ಫೋನ್ ಬಂದರೆ ಸಾಕು, ಗಾಡಿ ಊರು ಸೇರುವಷ್ಟರಲ್ಲಿ ವಾರ್ಮರ್ ಕಾದಿರುತ್ತದೆ, ಬಟ್ಟೆಯ ಸುರುಳಿ ಸುತ್ತಿಟ್ಟಿರುತ್ತೇವೆ.